ಜೂಜಿನ ಮನೆಗೆ ಮಾರುವೇಷದಲ್ಲಿ

ಬನದ ಹುಣ್ಣಿಮೆ ಸಮೀಪಿಸಿತೆಂದರೆ ಬಾದಾಮಿಯ ಆಚೆಗಿನ ಚೊಳಚಗುಡ್ಡದ ಬಯಲು ನಾಟಕದ ಊರಾಗಿಬಿಡುತ್ತದೆ. ಬನಶಂಕರಿಯ ತೇರನ್ನು ಒಂದು ಸಂಜೆಯೊಳಗೆ ಎಳೆದು ಮುಗಿಸುತ್ತಾರೆ. ಜಾತ್ರೆ ಮಾತ್ರ ಮುಗಿಯುವುದಿಲ್ಲ. ವೃತ್ತಿನಾಟಕದ ಕಂಪನಿಗಳು ತಗಡಿನ ಥೇಟರುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ವಾರಗಟ್ಟಲೆ ಆಡುತ್ತವೆ. ಒಂದು ಕಂಪನಿಯ ಹಾರ್ಮೋನಿಯಮ್ಮಿನ ಸ್ವರ ಪಕ್ಕದ ಕಂಪನಿಯ ರಾಜನ ಗರ್ಜನೆಯೊಳಗೆ ಬೆರೆತುಹೋಗುತ್ತದೆ. ಆ ಥೇಟರುಗಳ ಹಿಂದಿನ ಕತ್ತಲಲ್ಲಿ, ಕಂದೀಲಿನ ಬೆಳಕಿನಲ್ಲಿ, ಇನ್ನೊಂದು ಆಟವೂ ನಡೆಯುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಅದರ ಹೆಸರು ಅಂದರ್ ಬಾಹರ್. ಮುಂದೆ ರಂಗದ ಮೇಲೆ ಧರ್ಮರಾಯ ರಾಜ್ಯವನ್ನು ಕಳೆದುಕೊಳ್ಳುತ್ತಿರುವಾಗ ಹಿಂದೆ ಕಂಬಳಿಯ ಮೇಲೆ ರೈತರು ಜೋಳದ ದುಡ್ಡನ್ನೂ ನೇಕಾರರು ಸೀರೆಯ ದುಡ್ಡನ್ನೂ ಕಳೆದುಕೊಳ್ಳುತ್ತಿದ್ದರು.

ಇದು ನೆನಪಾದುದಕ್ಕೆ ಕಾರಣವಿದೆ. ವಿದ್ಯಾಗಿರಿಯ ನಮ್ಮ ಮನೆಗೆ ಬರುವ ಕಾಲೇಜು ಹುಡುಗನೊಬ್ಬ ಮೊನ್ನೆ ಒಂದು ಪ್ರಶ್ನೆ ಕೇಳಿದ. ಅವನು ೨೦೦೧ರ ಅಮೆರಿಕದ ಚಿತ್ರ ‘ಓಷನ್ಸ್ ಇಲೆವನ್’ ನೋಡಿ ಬಂದಿದ್ದ. ಲಾಸ್ ವೇಗಾಸಿನ ಕ್ಯಾಸಿನೊಗಳ ನೆಲಮಾಳಿಗೆಯ ಖಜಾನೆಯನ್ನು ಹನ್ನೊಂದು ಜನ ಸೇರಿ ಬರಿದು ಮಾಡುವ ಕತೆ ಅದು. ಕಳ್ಳರು ಪೊಲೀಸರ ವೇಷ ತೊಟ್ಟು, ಕದ್ದ ಹಣದ ಚೀಲಗಳನ್ನು ತಾವೇ ಹೊತ್ತುಕೊಂಡು, ರಾಜಾರೋಷವಾಗಿ ಮುಂಬಾಗಿಲಿನಿಂದ ಹೊರಬೀಳುತ್ತಾರೆ. “ಇಂಥದ್ದು ನಮ್ಮಲ್ಲಿ ಯಾವಾಗ ಶುರುವಾಯಿತು ಸರ್?” ಎಂದು ಹುಡುಗ ಕೇಳಿದ. ಸಿನಿಮಾದ ಮಾತಾಗಿದ್ದರೆ ೧೯೬೮ ಎಂದು ಹೇಳಿ ಕಳುಹಿಸಬಹುದಾಗಿತ್ತು. ಆದರೆ ಮಾರುವೇಷದಲ್ಲಿ ಜೂಜಿನ ಮನೆಗೆ ಹೋಗುವ ನಾಯಕ ನಮಗೆ ಅಷ್ಟು ಹೊಸಬನಲ್ಲ. ಅವನ ಚರಿತ್ರೆಯನ್ನು ನನಗೆ ತಿಳಿದ ಮಟ್ಟಿಗೆ ಈ ಹೊತ್ತು ಹೇಳಬೇಕೆಂದಿದ್ದೇನೆ.

ಮೊದಲಿಗನೆಂದರೆ ನಳ. ಮಹಾಭಾರತದ ವನಪರ್ವದ ಈ ಕತೆಯನ್ನು ಕಾಗಿನೆಲೆಯ ಕನಕದಾಸರು ‘ನಳಚರಿತ್ರೆ’ಯಾಗಿ ಕನ್ನಡದ ಮನೆಮನೆಗೆ ತಂದರು. ತಮ್ಮ ಪುಷ್ಕರನೊಡನೆ ಪಗಡೆಯಾಡಿ ನಳ ನಿಷಧರಾಜ್ಯವನ್ನು ಸೋತ. ಕಾಡಿನಲ್ಲಿ ಹೆಂಡತಿಯನ್ನೂ ತೊರೆದ. ಕಾರ್ಕೋಟಕ ಸರ್ಪ ಕಚ್ಚಿದುದರಿಂದ ರೂಪ ಕೆಟ್ಟು, ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಸಾರಥಿಯಾದ. ಇಲ್ಲಿಯವರೆಗಿನದು ಕರುಣೆಯ ಕತೆ. ಮುಂದಿನದರಲ್ಲಿ ಸಾಹಸದ ಚಿತ್ರವೊಂದರ ಹಂದರವೇ ಇದೆ. ವಿದರ್ಭದ ದಾರಿಯಲ್ಲಿ ಋತುಪರ್ಣ ಒಂದು ತಾರೆಯ ಮರವನ್ನು ಕಂಡು, ಅದರ ಎಲೆಗಳೆಷ್ಟು, ಕಾಯಿಗಳೆಷ್ಟು ಎಂದು ರಥದಲ್ಲಿ ಕುಳಿತೇ ಹೇಳಿಬಿಡುತ್ತಾನೆ. ಬಾಹುಕ ರಥ ನಿಲ್ಲಿಸಿ, ಇಳಿದು, ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿದೆ. ಆ ಲೆಕ್ಕದ ವಿದ್ಯೆಗೆ ಅಕ್ಷಹೃದಯ, ಎಂದರೆ ದಾಳದ ಮರ್ಮ, ಎಂದು ಹೆಸರು. ತನಗೆ ಗೊತ್ತಿದ್ದ ಕುದುರೆಯ ಮರ್ಮವನ್ನು ಕೊಟ್ಟು ನಳ ಅದನ್ನು ಪಡೆಯುತ್ತಾನೆ. ಪ್ರಾಚೀನ ಕಾಲದಲ್ಲಿ ತಾರೆಕಾಯಿಯನ್ನೇ ದಾಳವಾಗಿ ಉರುಳಿಸುತ್ತಿದ್ದರೆಂಬುದನ್ನು ನೆನೆದರೆ ಆ ಮರ ಅಲ್ಲಿ ಸುಮ್ಮನೆ ನಿಂತಿಲ್ಲವೆಂದು ತಿಳಿಯುತ್ತದೆ. ನಳ ಮರಳಿ ಹೋಗಿ ಒಂದೇ ಆಟದಲ್ಲಿ ಪುಷ್ಕರನನ್ನು ಗೆಲ್ಲುತ್ತಾನೆ, ಗೆದ್ದಮೇಲೆ ಅವನನ್ನು ಕ್ಷಮಿಸಿ ಅವನ ಪಾಲನ್ನು ಅವನಿಗೇ ಬಿಡುತ್ತಾನೆ.

ಈ ಕತೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಗೆಲುವಲ್ಲ, ಗುರುತು ಹತ್ತಿದ ರೀತಿ. ಕುರೂಪಿಯಾದ ಸಾರಥಿಯನ್ನು ಕಂಡು ದಮಯಂತಿಗೆ ಸಂಶಯವಾಗುತ್ತದೆ. ಮುಖ ನೋಡಿದರೆ ನಳನಲ್ಲ. ಅವಳು ದಾಸಿಯನ್ನು ಕಳಿಸಿ ಅವನು ಬೇಯಿಸಿದ ಅಡುಗೆಯ ತುಣುಕನ್ನು ತರಿಸಿ ಬಾಯಿಗೆ ಹಾಕಿಕೊಳ್ಳುತ್ತಾಳೆ. ರುಚಿಯಿಂದ ಗಂಡನನ್ನು ಗುರುತಿಸುತ್ತಾಳೆ. ರೂಪ, ಹೆಸರು, ಧ್ವನಿ ಎಲ್ಲವನ್ನೂ ಮರೆಸಬಹುದು, ಕೈಯ ಹದವನ್ನು ಮರೆಸಲಾಗದು ಎಂಬ ಈ ಸೂಕ್ಷ್ಮ ಎಷ್ಟು ಪತ್ತೇದಾರಿ ಕಾದಂಬರಿಕಾರರಿಗೆ ಹೊಳೆದಿದೆಯೋ ನಾನರಿಯೆ.

ನಳನ ಕತೆಯನ್ನು ಬೃಹದಶ್ವನೆಂಬ ಋಷಿ ಹೇಳುವುದು ಯಾರಿಗೆ? ಪಗಡೆಯಲ್ಲಿ ಎಲ್ಲವನ್ನೂ ಸೋತು ಕಾಡಿಗೆ ಬಂದ ಧರ್ಮರಾಯನಿಗೆ. ಕತೆ ಮುಗಿದ ಮೇಲೆ ಋಷಿ ಅವನಿಗೂ ಅಕ್ಷಹೃದಯವನ್ನು ಉಪದೇಶಿಸುತ್ತಾನೆ. ಹದಿಮೂರನೆಯ ವರ್ಷದ ಅಜ್ಞಾತವಾಸಕ್ಕೆ ಪಾಂಡವರು ವೇಷಗಳನ್ನು ಆರಿಸಿಕೊಳ್ಳುವಾಗ ಭೀಮ ಬಾಣಸಿಗನಾಗುತ್ತಾನೆ, ಅರ್ಜುನ ಬೃಹನ್ನಳೆಯಾಗುತ್ತಾನೆ. ಧರ್ಮರಾಯ ಆರಿಸಿಕೊಳ್ಳುವುದು ಕಂಕಭಟ್ಟನ ವೇಷವನ್ನು, ವಿರಾಟನ ಆಸ್ಥಾನದಲ್ಲಿ ರಾಜನೊಡನೆ ಪಗಡೆಯಾಡುವ ಸಂಗಾತಿಯ ಕೆಲಸವನ್ನು. ಯಾವುದರಿಂದ ಕೆಟ್ಟನೋ ಅದರ ಹತ್ತಿರವೇ ವರ್ಷವಿಡೀ ಕೂರುತ್ತಾನೆ. ಗುರುತು ಸಿಕ್ಕಿದರೆ ಮತ್ತೆ ಹನ್ನೆರಡು ವರ್ಷದ ವನವಾಸ. ಕಡೆಗೆ ಅವನ ಮುಖಕ್ಕೆ ಬಂದು ಬಡಿಯುವುದೂ ದಾಳವೇ. ಬೃಹನ್ನಳೆಯ ಪರಾಕ್ರಮವನ್ನು ಹೊಗಳಿದನೆಂದು ವಿರಾಟ ಕೋಪಗೊಂಡು ಕೈಯಲ್ಲಿದ್ದ ದಾಳವನ್ನೇ ಬೀಸಿ ಹೊಡೆಯುತ್ತಾನೆ. ಸುರಿದ ರಕ್ತ ನೆಲಕ್ಕೆ ಬೀಳದಂತೆ ಸೈರಂಧ್ರಿ ಪಾತ್ರೆ ಹಿಡಿಯುತ್ತಾಳೆ. ಅಷ್ಟಾದರೂ ಧರ್ಮರಾಯ ಬಾಯಿ ಬಿಡಲಿಲ್ಲ.

ಇದೇ ಸಭೆಯ ಇನ್ನೊಂದು ಮಗ್ಗುಲಲ್ಲಿ ಶಕುನಿ ಇದ್ದಾನೆ. ವ್ಯಾಸರ ಶಕುನಿ ಕೇವಲ ಕಪಟಿ. ಜನರ ಬಾಯಲ್ಲಿ ಬೆಳೆದ ಶಕುನಿ ಬೇರೆ. ಕೌರವರ ಸೆರೆಯಲ್ಲಿ ಅನ್ನವಿಲ್ಲದೆ ಸತ್ತ ತಂದೆಯ ಎಲುಬಿನಿಂದ ದಾಳ ಮಾಡಿಕೊಂಡು, ಹಿತೈಷಿಯಾದ ಸೋದರಮಾವನ ವೇಷದಲ್ಲಿ ಆ ಮನೆಯೊಳಗೇ ಸೇರಿಕೊಂಡು, ಅದನ್ನು ಬುಡದಿಂದ ಕೆಡವುವ ಮನುಷ್ಯ. ವೇಷ ಕಳಚದೆ ಸತ್ತವನು ಅವನೊಬ್ಬನೇ ಎಂದು ನನಗೆ ತೋರುತ್ತದೆ.

ನಮ್ಮ ಜಿಲ್ಲೆಗೂ ಈ ಜೂಜಿನ ಕತೆಗೂ ಒಂದು ಸಾವಿರ ವರ್ಷದ ನಂಟಿದೆ. ಹತ್ತನೆಯ ಶತಮಾನದಲ್ಲಿ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ‘ಗದಾಯುದ್ಧ’ವನ್ನು ಬರೆದಾಗ ಪಗಡೆಯ ದಿನ ಎಂದೋ ಕಳೆದುಹೋಗಿತ್ತು. ಅವನು ಇಡೀ ಭಾರತವನ್ನು ಸಿಂಹಾವಲೋಕನದಿಂದ, ಹಿಂದಿರುಗಿ ನೋಡುತ್ತಾನೆ. ಅವನ ಕಾವ್ಯದಲ್ಲಿ ಅಡಗಿ ಕುಳಿತಿರುವವನು ದುರ್ಯೋಧನ. ಬೇರೆಯವರನ್ನು ವರ್ಷಗಟ್ಟಲೆ ಅಡಗಿರಲು ಅಟ್ಟಿದವನು ತಾನೇ ವೈಶಂಪಾಯನ ಸರೋವರದ ನೀರಿನೊಳಗೆ ಮುಳುಗಿ ಕೂತಿದ್ದಾನೆ. ಭೀಮನ ಮೂದಲೆಯ ಮಾತು ತಾಳಲಾರದೆ ಮೇಲೇಳುತ್ತಾನೆ. ಜೂಜಿನ ಮನೆಯ ಲೆಕ್ಕ ಚುಕ್ತಾ ಆಗುವುದು ಹಾಗೆ.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ, ಇಳಕಲ್ಲಿಗೆ ಸಮೀಪದ ಕಂದಗಲ್ಲದಲ್ಲಿ ಹುಟ್ಟಿದ ಕಂದಗಲ್ಲ ಹನುಮಂತರಾಯರು ಇದೇ ಸಾಮಗ್ರಿಯನ್ನು ರಂಗಕ್ಕೆ ತಂದರು. ‘ಅಕ್ಷಯಾಂಬರ’ದ ಹಿಂದೆ ಪಗಡೆಯ ಹಾಸಿದೆ, ‘ಬಾಣಸಿಗ ಭೀಮ’ದ ಹಿಂದೆ ಅಜ್ಞಾತವಾಸವಿದೆ, ‘ರಕ್ತರಾತ್ರಿ’ಯಲ್ಲಿ ನಿದ್ರಿಸುವ ಶಿಬಿರಕ್ಕೆ ನುಗ್ಗುವ ಅಶ್ವತ್ಥಾಮನಿದ್ದಾನೆ. ಜೂಜು, ಮಾರುವೇಷ, ಕತ್ತಲಲ್ಲಿ ನುಗ್ಗುವುದು: ಇಂದಿನ ಸಾಹಸಚಿತ್ರಕ್ಕೆ ಬೇಕಾದ ಮೂರೂ ಇಲ್ಲಿವೆ. ಬಿಜಾಪುರದ ರಂಗಮಂದಿರಕ್ಕೆ ಅವರ ಹೆಸರಿಟ್ಟು ನಾಡು ಗೌರವಿಸಿದೆ. ಆದರೆ ಅವರ ನಾಟಕಗಳ ನಿಜವಾದ ಆಯುಷ್ಯ ಇರುವುದು ಹಳ್ಳಿಯ ಹವ್ಯಾಸಿಗಳ ಬಾಯಲ್ಲಿ. ನಮ್ಮ ಕಡೆ ಹೊಲದಲ್ಲಿ ಕುಂಟೆ ಹೊಡೆಯುತ್ತ ಆ ಮಾತುಗಳನ್ನು ಒಪ್ಪಿಸುವ ಹಿರಿಯರನ್ನು ನಾನೇ ಕೇಳಿದ್ದೇನೆ.

ಇನ್ನು ಸಿನಿಮಾ. ಇಲ್ಲೊಂದು ಕುತೂಹಲದ ಸಂಗತಿ ಇದೆ, ಅದನ್ನು ಬಿಟ್ಟು ಮುಂದೆ ಹೋಗಲಾರೆ. ಹಿಂದಿ ಚಿತ್ರರಂಗದಲ್ಲಿ ಕಳ್ಳನನ್ನೇ ನಾಯಕನಾಗಿ ಜನ ಎದೆಗಪ್ಪಿಕೊಂಡದ್ದು ೧೯೪೩ರ ‘ಕಿಸ್ಮತ್’ ಚಿತ್ರದಲ್ಲಿ. ಬಾಂಬೆ ಟಾಕೀಸಿನ ಈ ಚಿತ್ರ ಕಲಕತ್ತೆಯ ಒಂದೇ ಥೇಟರಿನಲ್ಲಿ ಮೂರು ವರ್ಷಕ್ಕೂ ಮೀರಿ ಓಡಿತು. ಅಶೋಕಕುಮಾರ್ ಅದರಲ್ಲಿ ಜೈಲಿನಿಂದ ಹೊರಬಂದ ಜೇಬುಗಳ್ಳ. ನಾಯಕಿಯ ತಂದೆ ಒಂದು ಕಾಲಕ್ಕೆ ಥೇಟರಿನ ಒಡೆಯನಾಗಿದ್ದು ಎಲ್ಲವನ್ನೂ ಕಳೆದುಕೊಂಡವನು. ನಾಯಕ ಕದಿಯಲು ಹೋಗುವುದು ಆ ಥೇಟರಿನ ಈಗಿನ ಒಡೆಯನ ಮನೆಗೆ. ಕೊನೆಯಲ್ಲಿ ತಿಳಿಯುವುದೇನೆಂದರೆ ಆ ಮನೆಗೆ ಅವನೇ ಕಳೆದುಹೋದ ಮಗ. ಕಳ್ಳ ತನ್ನ ಮನೆಗೇ ಕನ್ನ ಹಾಕಿದಂತಾಯಿತು. ಆ ಚಿತ್ರದ ನಾಯಕಿ ಮುಮ್ತಾಜ್ ಶಾಂತಿ. ಅವಳ ತುಟಿಗಳಿಂದ ಹೊರಟ ಹಾಡಿನ ಕಂಠ ಮಾತ್ರ ನಮ್ಮ ಬೀಳಗಿಯದು, ಅಮೀರಬಾಯಿ ಕರ್ನಾಟಕಿಯದು. ಅಕ್ಕ ಗೋಹರಬಾಯಿಯೂ ಬೀಳಗಿಯವಳೇ. ಸ್ತ್ರೀವೇಷದಿಂದಲೇ ಮಹಾರಾಷ್ಟ್ರವನ್ನು ಮರುಳು ಮಾಡಿದ ಬಾಲಗಂಧರ್ವರ ಕಂಪನಿಯನ್ನು ಸೇರಿ ನಾಯಕಿಯ ಪಾತ್ರ ವಹಿಸಿದವಳು. ಹೆಣ್ಣಾಗಿ ನಟಿಸುತ್ತಿದ್ದ ಗಂಡಿನ ಎದುರಿಗೆ ನಿಜವಾದ ಹೆಣ್ಣು ಬಂದು ನಿಂತದ್ದು, ಒಬ್ಬಳ ಮುಖಕ್ಕೆ ಇನ್ನೊಬ್ಬಳ ದನಿ ಕೂಡಿದ್ದು, ಇವೂ ವೇಷದ ಚರಿತ್ರೆಯಲ್ಲಿ ಸೇರಬೇಕಾದ ಪುಟಗಳೇ. ಬೀಳಗಿಯಿಂದ ಮುಂಬಯಿಗೆ ಹೋದ ಅಕ್ಕತಂಗಿಯರಿಗೆ ‘ಕರ್ನಾಟಕಿ’ ಎಂಬ ಅಡ್ಡಹೆಸರೊಂದೇ ಮರೆಸಲಾಗದ ಗುರುತಾಗಿ ಉಳಿಯಿತು.

ಕನ್ನಡದಲ್ಲಿ ಪಿಸ್ತೂಲು ಹಿಡಿದ ಗೂಢಚಾರ ಬಂದದ್ದು ೧೯೬೮ರಲ್ಲಿ. ಆ ಹೊತ್ತಿಗೆ ಇಂಗ್ಲಿಷಿನ ಜೇಮ್ಸ್ ಬಾಂಡ್ ಪ್ರಪಂಚವನ್ನೆಲ್ಲ ಸುತ್ತಿದ್ದ. ಇಯಾನ್ ಫ್ಲೆಮಿಂಗ್ ೧೯೫೩ರಲ್ಲಿ ಬರೆದ ಮೊದಲ ಬಾಂಡ್ ಕಾದಂಬರಿಯ ಹೆಸರಿನಲ್ಲೇ ಕ್ಯಾಸಿನೊ ಇದೆ. ೧೯೬೨ರ ‘ಡಾಕ್ಟರ್ ನೋ’ ಚಿತ್ರದಲ್ಲಿ ಪ್ರೇಕ್ಷಕರಿಗೆ ಬಾಂಡ್ ಮೊದಲು ಕಾಣುವುದೂ ಇಸ್ಪೀಟಿನ ಮೇಜಿನ ಮುಂದೆ. ಅವನಿಗೆ ಜೂಜೆಂಬುದು ಶೋಕಿ. ಸೋತರೂ ಅವನ ಮನೆಯ ಒಲೆ ಆರುವುದಿಲ್ಲ.

ಬಿ. ದೊರೈರಾಜ್ ಮತ್ತು ಎಸ್.ಕೆ. ಭಗವಾನ್ ಎಂಬಿಬ್ಬರು ಸೇರಿ ‘ದೊರೈ-ಭಗವಾನ್’ ಎಂಬ ಒಂದೇ ಹೆಸರಿನಲ್ಲಿ ನಿರ್ದೇಶಿಸಿದ ‘ಜೇಡರ ಬಲೆ’ಯಲ್ಲಿ ಡಾ. ರಾಜಕುಮಾರ್ ಸಿ.ಐ.ಡಿ. ೯೯೯ ಆಗಿ ಬಂದರು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. ೯೯೯’ ಬಂತು, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. ೯೯೯’ ಬಂತು. ಗೋವಾದ ಚಿತ್ರದಿಂದ ಲಕ್ಷ್ಮಿ ಕನ್ನಡಕ್ಕೆ ಪರಿಚಿತರಾದರು; ಜಾಕ್‌ಪಾಟಿನಲ್ಲಿ ನಾಯಕಿಯಾದ ಹುಡುಗಿ ಮುಂದೆ ಹಿಂದಿ ಚಿತ್ರರಂಗದ ರೇಖಾ ಎನಿಸಿದರು. ಈ ಮೂರೂ ಕಪ್ಪು-ಬಿಳುಪಿನವು. ಬಣ್ಣದ ‘ಆಪರೇಷನ್ ಡೈಮಂಡ್ ರಾಕೆಟ್’ ಬರಲು ೧೯೭೮ರವರೆಗೆ ಕಾಯಬೇಕಾಯಿತು. ಅದಕ್ಕಾಗಿ ನೇಪಾಳದವರೆಗೆ ಹೋಗಿ ಚಿತ್ರೀಕರಿಸಿದರು. ಅದರಲ್ಲಿ ರಾಜಕುಮಾರ್ ಇಂಗ್ಲಿಷಿನಲ್ಲಿ ಹಾಡಿದ ಹಾಡನ್ನು ಕನ್ನಡಿಗರು ಇಂದಿಗೂ ಗುನುಗುತ್ತಾರೆ.

ಸಾಹಿತ್ಯದ ಜನ ಇವುಗಳ ಬಗ್ಗೆ ಬರೆದದ್ದು ಕಡಿಮೆ. ಅನುಕರಣೆ ಎಂಬ ಒಂದು ಮಾತಿನಲ್ಲಿ ಅವುಗಳನ್ನು ಮುಗಿಸಿಬಿಡುವುದು ವಾಡಿಕೆ. ಅನುಕರಣೆ ಹೌದು, ಆದರೆ ಆ ವರ್ಷಗಳ ಚರಿತ್ರೆಯನ್ನು ಪಕ್ಕಕ್ಕಿಟ್ಟು ನೋಡಬೇಕು. ೧೯೬೧ರ ಡಿಸೆಂಬರಿನಲ್ಲಿ ಗೋವೆ ಪೋರ್ಚುಗೀಸರಿಂದ ಬಿಡುಗಡೆಯಾಗಿ ಇನ್ನೂ ಏಳು ವರ್ಷ ತುಂಬಿರಲಿಲ್ಲ. ೧೯೬೩ರಿಂದ ಚಿನ್ನದ ನಿಯಂತ್ರಣ ಬಂದು, ಹದಿನಾಲ್ಕು ಕ್ಯಾರಟ್ಟಿಗಿಂತ ಶುದ್ಧವಾದ ಒಡವೆ ಮಾಡಬಾರದೆಂದು ಕಟ್ಟಳೆಯಾಗಿ, ಅಕ್ಕಸಾಲಿಗರ ಮನೆಗಳಲ್ಲಿ ಕುಲುಮೆ ಆರಿತ್ತು. ೧೯೬೮ರಲ್ಲಿ ಅದಕ್ಕೆ ಪ್ರತ್ಯೇಕ ಕಾಯಿದೆಯೇ ಆಯಿತು. ಚಿನ್ನದ ಕಳ್ಳಸಾಗಣೆ ಪತ್ರಿಕೆಗಳ ನಿತ್ಯದ ಸುದ್ದಿಯಾಗಿತ್ತು. ಅದೇ ವರ್ಷದ ‘ಜೇಡರ ಬಲೆ’ ಲೋಹವನ್ನು ಚಿನ್ನವಾಗಿಸುವ ಸೂತ್ರದ ಬೆನ್ನು ಹತ್ತಿದ ಕತೆ. ಇದನ್ನು ಬರಿಯ ಕಾಕತಾಳೀಯವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನೊಂದು ವ್ಯತ್ಯಾಸ. ೧೯೬೦ರಲ್ಲಿ ಫ್ರಾಂಕ್ ಸಿನಾತ್ರಾ ನಟಿಸಿದ ಮೊದಲ ‘ಓಷನ್ಸ್ ಇಲೆವನ್’ನಲ್ಲಿ ಹನ್ನೊಂದು ಗೆಳೆಯರು ಹೊಸವರ್ಷದ ರಾತ್ರಿ ಐದು ಕ್ಯಾಸಿನೊಗಳನ್ನು ದೋಚಿ, ಹಣವನ್ನು ಸತ್ತ ಗೆಳೆಯನ ಶವಪೆಟ್ಟಿಗೆಯಲ್ಲಿ ಬಚ್ಚಿಡುತ್ತಾರೆ. ಹೆಣವನ್ನು ಹೂಳದೆ ಸುಟ್ಟುಬಿಡುವುದರಿಂದ ಕದ್ದದ್ದೆಲ್ಲ ಬೂದಿ. ಅಲ್ಲಿ ಪ್ರಶ್ನೆ ಇರುವುದು ಕಳ್ಳರಿಗೆ ದಕ್ಕಿತೇ ಇಲ್ಲವೇ ಎಂಬುದರಲ್ಲಿ. ನಮ್ಮ ಸಿ.ಐ.ಡಿ.ಗೆ ದಕ್ಕಿಸಿಕೊಳ್ಳುವ ಪ್ರಶ್ನೆಯೇ ಇಲ್ಲ. ಅವನು ಗುರುತು ಮರೆಸಿ ದುಷ್ಟರ ಅಡ್ಡೆಗೆ ಹೋಗುವುದು ನಾಡಿನ ಸೊತ್ತನ್ನು ನಾಡಿಗೆ ಮರಳಿಸಲಿಕ್ಕೆ. ಬಾಂಡನ ಕೋಟು ತೊಟ್ಟರೂ ಅವನ ನಡೆ ನಳನದು, ಕಂಕನದು. ಗುಬ್ಬಿ ಕಂಪನಿಯಲ್ಲಿ ಬಣ್ಣ ಹಚ್ಚಿ, ೧೯೫೪ರ ‘ಬೇಡರ ಕಣ್ಣಪ್ಪ’ನಾಗಿ ತೆರೆಗೆ ಬಂದ ನಟನನ್ನೇ ಜನ ಆ ಕೋಟಿನೊಳಗೂ ಕಂಡರು. ಮೂರು ವರ್ಷಗಳಲ್ಲೇ ಇದೇ ನಿರ್ದೇಶಕರು ಇದೇ ನಟನಿಂದ ‘ಕಸ್ತೂರಿ ನಿವಾಸ’ವನ್ನು ಮಾಡಿಸಿದರು, ಅದರ ನಾಯಕ ಇದ್ದುದನ್ನೆಲ್ಲ ಕೊಟ್ಟು ಬರಿಗೈಯಾಗುವವನು. ಯಾರಿಂದಲೂ ಕಿತ್ತುಕೊಳ್ಳಲಾರದ ನಾಯಕನ ಮೇಲೆ ಕನ್ನಡಿಗರಿಗೆ ಎಂಥ ಮಮತೆ ನೋಡಿ.

ನಮ್ಮ ಸರಕಾರಗಳಿಗೆ ಜೂಜಿನ ವಿಷಯದಲ್ಲಿ ಇಷ್ಟು ಸ್ಪಷ್ಟ ಮನಸ್ಸು ಎಂದೂ ಇದ್ದಂತಿಲ್ಲ. ಬೀದಿಯ ಇಸ್ಪೀಟು, ಮಟ್ಕಾ ಅಪರಾಧ. ಆದರೆ ಬಸ್‌ ನಿಲ್ದಾಣದಲ್ಲಿ ಕೂಗಿ ಮಾರುವ ಲಾಟರಿ ಕರ್ನಾಟಕದಲ್ಲಿ ೨೦೦೭ರವರೆಗೂ ನಡೆಯಿತು. ಕುದುರೆಯ ಜೂಜಿನ ಜಾಕ್‌ಪಾಟು ಬೇರೆ. ಒಂದರ ಹಿಂದೊಂದರಂತೆ ಐದು ಓಟದಲ್ಲಿ ಗೆಲ್ಲುವ ಕುದುರೆಗಳನ್ನು ಮುಂದಾಗಿಯೇ ಹೇಳಬೇಕು. ಪಕ್ಕದ ಗೋವೆಯ ಜೂಜಿನ ಕಾನೂನು ೧೯೭೬ರದು; ೧೯೯೨ರಲ್ಲಿ ಅದನ್ನು ತಿದ್ದಿದ ಮೇಲೆ ದೊಡ್ಡ ಹೋಟೆಲುಗಳಿಗೆ ಜೂಜಿನ ಯಂತ್ರ ಬಂತು, ಆಮೇಲೆ ಮಾಂಡೋವಿ ನದಿಯ ಮೇಲೆ ಹಡಗುಗಳು ಬಂದವು. ಸಿ.ಐ.ಡಿ. ೯೯೯ ಗೋವೆಗೆ ಹೋದಾಗ ಇದಾವುದೂ ಇರಲಿಲ್ಲ.

ಮೊದಲಿಗೆ ಜಾತ್ರೆಯ ಕತ್ತಲನ್ನು ಹೇಳಿದೆನಷ್ಟೆ. ಅಲ್ಲಿಗೆ ಮರಳಬೇಕು.

ನನ್ನ ಸೋದರಮಾವ ಇಳಕಲ್ಲಿನ ನೇಕಾರ. ಒಳ್ಳೆಯ ಹಾಡುಗಾರ, ಎತ್ತರದ ಆಳು. ಓಣಿಯ ತರುಣರು ‘ಬಾಣಸಿಗ ಭೀಮ’ ಆಡಿದಾಗಲೆಲ್ಲ ಕಂಕಭಟ್ಟನ ಪಾತ್ರ ಅವನಿಗೇ ಮೀಸಲು. ೧೯೭೦ರ ಬನಶಂಕರಿ ಜಾತ್ರೆಗೆ ಅವನು ಸಾವಕಾರರ ನಾಲ್ಕು ಸೀರೆಗಳನ್ನು ಮಾರಲು ಹೊತ್ತುಕೊಂಡು ಹೋದ. ಸೀರೆಗಳು ಮಧ್ಯಾಹ್ನದೊಳಗೆ ಮಾರಿಹೋದವು. ರಾತ್ರಿ ನಾಟಕ ನೋಡಲು ಕುಳಿತವನು ನಡುವೆ ಎದ್ದು ಥೇಟರಿನ ಹಿಂದಕ್ಕೆ ಹೋದ. ಬೆಳಗಾಗುವಷ್ಟರಲ್ಲಿ ಸೀರೆಯ ದುಡ್ಡಿನ ಜೊತೆಗೆ ಕೈಯ ಉಂಗುರವೂ ಹೋಗಿತ್ತು. ಅವನು ಮನೆಗೆ ಬರಲಿಲ್ಲ.

ನಮ್ಮ ಅವ್ವ ಅಳುವುದನ್ನು ಅಂದು ಮೊದಲ ಸಲ ಕಂಡೆ. ಅತ್ತೆ ಅಳಲಿಲ್ಲ. ಮಗ್ಗದ ಮೇಲೆ ಅರ್ಧ ನೇಯ್ದು ಬಿಟ್ಟಿದ್ದ ಸೀರೆಯನ್ನು ತಾನೇ ಕುಳಿತು ನೇಯ್ದು ಮುಗಿಸಿ ಸಾವಕಾರರಿಗೆ ಕೊಟ್ಟು, ಉಳಿದದ್ದಕ್ಕೆ ಗಡುವು ಕೇಳಿಕೊಂಡು ಬಂದಳು. ಬಾವಿ, ಕೆರೆ, ರೈಲಿನ ಹಳಿ, ಎಲ್ಲ ಕಡೆ ಹುಡುಕಿದ್ದಾಯಿತು.

ಅವನು ಇದ್ದದ್ದು ಗುಳೇದಗುಡ್ಡದಲ್ಲಿ. ಖಣ ನೇಯುವ ಒಬ್ಬರ ಮನೆಯಲ್ಲಿ, ಬೇರೆ ಹೆಸರು ಹೇಳಿಕೊಂಡು, ಗಡ್ಡ ಬಿಟ್ಟುಕೊಂಡು, ಬಳ್ಳಾರಿ ಕಡೆಯವನೆಂದು ನಂಬಿಸಿ, ಕೂಲಿಗೆ ಕುಳಿತಿದ್ದ. ಸೀರೆಯ ದುಡ್ಡು ಕೂಡುವವರೆಗೆ ಊರಿನ ಮುಖ ನೋಡುವುದಿಲ್ಲವೆಂಬುದು ಅವನ ಪಣ. ಐದು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಒಂದು ದಿನ ಮಗ್ಗದಲ್ಲಿ ಹಾಸಿನ ಎಳೆ ಕಡಿದಾಗ ಅವನು ಅದನ್ನು ಕೊಂಡಿ ಹಾಕಿ ಜೋಡಿಸಿದ. ಇಳಕಲ್ ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕುಣಿಕೆಯಲ್ಲಿ ಕುಣಿಕೆ ತೂರಿಸಿ ಕೂಡಿಸುವ ರೀತಿ ಅದು. ಖಣದ ಮಗ್ಗಕ್ಕೆ ಅದು ಬೇಕಿಲ್ಲ. ಮನೆಯ ಹಿರಿಯರು ಹಿಂದೆ ನಿಂತು ನೋಡಿದರಂತೆ. ಸಂಜೆ ಊಟಕ್ಕೆ ಕುಳಿತಾಗ, “ಯಾಕ ತಮ್ಮಾ, ಬಳ್ಳಾರ್‍ಯಾಗೂ ಕೊಂಡಿ ಹಾಕ್ತಾರೇನು?” ಎಂದಷ್ಟೇ ಕೇಳಿದರಂತೆ. ಮಾವ ತುತ್ತು ಕೆಳಗಿಟ್ಟ. ಮರುದಿನ ಅವರೇ ಇಳಕಲ್ಲಿಗೆ ಹೇಳಿಕಳಿಸಿದರು.

ಆ ವರ್ಷದ ಕೊನೆಗೆ ಬಾಗಲಕೋಟೆಯ ಟಾಕೀಸಿಗೆ ಸಿ.ಐ.ಡಿ. ೯೯೯ರ ಒಂದು ಚಿತ್ರ ಬಂದಿತ್ತು. ಊರಿನ ಎಷ್ಟೋ ಓಣಿಗಳು ಮುಂದೆ ಆಲಮಟ್ಟಿಯ ಹಿನ್ನೀರಿಗೆ ಹೋದವು. ಆಗ ಇನ್ನೂ ಊರು ತುಂಬಿ ನಿಂತಿತ್ತು. ಮಾವ ನನ್ನನ್ನು ಕರೆದುಕೊಂಡು ಹೋಗಿದ್ದ. ನಾಯಕ ಗುರುತು ಮರೆಸಿ ದುಷ್ಟರ ನಡುವೆ ನಿಂತಾಗ ಜನ ಸಿಳ್ಳೆ ಹೊಡೆದರು. ನಾನೂ ಹೊಡೆದೆ. ಮಾವ ನನ್ನ ಕಿವಿಯ ಹತ್ತಿರ ಬಾಗಿ, “ಅವರೇನು ಕುಂತಾರೋ, ಅವನ ಮಾರಿ ನೋಡಾಕತ್ತಾರ. ಕೈ ನೋಡಬೇಕಿಲ್ಲೋ ಹುಚ್ಚಾ” ಎಂದ. ಆಮೇಲೆ ಮಧ್ಯಂತರದಲ್ಲಿ ನನಗೆ ಶೇಂಗಾ ಕೊಡಿಸಿ, ತಾನು ಹೊರಗೆ ಗೋಡೆಗೊರಗಿ, ಬೀಡಿ ಸೇದುತ್ತ ಬಹಳ ಹೊತ್ತು ನಿಂತಿದ್ದ.